ಸಖ್ಯವೂ ಋಣವೂ

ಮಿತ್ರನು ತಪ್ಪುದಾರಿ ಹಿಡಿದಾಗ ಅವನೊಡನೆ ನಡೆಯುವುದು ಸ್ನೇಹವೋ, ಅವನನ್ನು ತಡೆಯುವುದು ಸ್ನೇಹವೋ? ಇದು ಗ್ರಂಥದೊಳಗಿನ ಪ್ರಶ್ನೆ ಮಾತ್ರವಲ್ಲ. ನಮ್ಮ ಸಿರುಗುಪ್ಪದ ಸೀಮೆಯಲ್ಲಿ ಕಾಲುವೆಯ ನೀರಿಗೋ ಹೊಲದ ಬದುವಿಗೋ ವ್ಯಾಜ್ಯ ಹತ್ತಿತೆಂದರೆ, ‘ನೀನು ನನ್ನ ಗೆಳೆಯನಲ್ಲವೇ, ನನ್ನ ಪರವಾಗಿ ಒಂದು ಮಾತು ಹೇಳಿಬಿಡು’ ಎಂಬ ಕೋರಿಕೆ ಯಾರ ಮನೆಯ ಬಾಗಿಲಿಗಾದರೂ ಬಂದೇ ಬರುತ್ತದೆ. ಆ ಮಾತು ಸುಳ್ಳೆಂಬುದು ಇಬ್ಬರಿಗೂ ಗೊತ್ತು. ಕೇಳುವವನಿಂದ ಹಿಂದೆ ಉಪಕಾರ ಪಡೆದಿದ್ದರಂತೂ ಸಂಕಟ ಇಮ್ಮಡಿಯಾಗುತ್ತದೆ.

ಕನ್ನಡ ಕಾವ್ಯದಲ್ಲಿ ಸಖ್ಯವೆಂದೊಡನೆ ನೆನಪಾಗುವವನು ಕರ್ಣ. ಕ್ರಿ.ಶ. 941ರಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪನು ಅರ್ಜುನನನ್ನು ನಾಯಕನನ್ನಾಗಿಸಿ, ತನ್ನ ಒಡೆಯನಾದ ಅರಿಕೇಸರಿಯನ್ನು ಅವನೊಡನೆ ಸಮೀಕರಿಸಿದನು. ಹಾಗಿದ್ದೂ ಎದುರುಪಕ್ಷದ ಕರ್ಣನನ್ನು ಮನಸಾರೆ ಕೊಂಡಾಡದೆ ಇರಲಾರದೆ ಹೋದನು. ಕೃಷ್ಣನು ಜನ್ಮರಹಸ್ಯವನ್ನರುಹಿ ರಾಜ್ಯವನ್ನೇ ಮುಂದಿಟ್ಟರೂ ಕರ್ಣನು ದುರ್ಯೋಧನನನ್ನು ಬಿಡಲಿಲ್ಲ. ಇದಕ್ಕಿಂತ ಹಿರಿದಾದ ನಿಷ್ಠೆಯುಂಟೆ? ಆದರೆ ವ್ಯಾಸಭಾರತದ ದ್ಯೂತಸಭೆಯಲ್ಲಿ ಅನ್ಯಾಯವನ್ನು ಅನ್ಯಾಯವೆಂದವರು ವಿದುರ, ವಿಕರ್ಣರು. ವಿಕರ್ಣನನ್ನು ಗದರಿಸಿ ಕೂರಿಸಿದವನು ಕರ್ಣನೇ. ಅಂಗರಾಜ್ಯದ ಋಣವು ಅವನ ನಾಲಗೆಯನ್ನು ಕಟ್ಟಿತ್ತೆಂದು ನನ್ನ ಭಾವನೆ. ರನ್ನನ ಗದಾಯುದ್ಧದಲ್ಲಿ ರಣಭೂಮಿಯ ಹೆಣಗಳ ನಡುವೆ ದುರ್ಯೋಧನನು ಕರ್ಣನಿಗಾಗಿ ಗೋಳಿಡುವುದನ್ನೋದಿದಾಗ, ಇಷ್ಟು ಪ್ರೀತಿಯೂ ಇಬ್ಬರಲ್ಲಿ ಒಬ್ಬನನ್ನೂ ಉಳಿಸಲಿಲ್ಲವಲ್ಲಾ ಎಂದು ಮನಸ್ಸು ಕಲಕುತ್ತದೆ.

ಚೀನದೇಶದ ಪ್ರಾಚೀನರು ಆಪ್ತಮಿತ್ರನಿಗೆ ‘ಸ್ವರವನ್ನರಿತವನು’ ಎಂಬರ್ಥದ ಮಾತನ್ನು ಬಳಸುತ್ತಿದ್ದರು. ಬೋ ಯಾ ಎಂಬ ವಾದಕನು ಪರ್ವತವನ್ನು ನೆನೆದು ತಂತಿ ಮಿಡಿದರೆ ಅವನ ಗೆಳೆಯ ಜೋಂಗ್ ತ್ಸಿಚಿಗೆ ಪರ್ವತವೇ ಕಾಣುತ್ತಿತ್ತಂತೆ. ನದಿಯನ್ನು ನೆನೆದರೆ ನದಿ. ಗೆಳೆಯನು ತೀರಿಕೊಂಡ ಮೇಲೆ ಬೋ ಯಾ ವಾದ್ಯವನ್ನು ಒಡೆದುಹಾಕಿ ಮತ್ತೆಂದೂ ನುಡಿಸಲಿಲ್ಲ. ಆ ನಾಡಿನ ಕವಿ ದು ಫು 744ರಲ್ಲಿ ಲಿ ಬೈಯನ್ನು ಸಂಧಿಸಿದನು. ಕೂಡಿದ್ದುದು ಅಲ್ಪಕಾಲ, ವರ್ಷಗಳ ತರುವಾಯ ಲಿ ಬೈ ಗಡೀಪಾರಾದಾಗ ಅವನನ್ನು ಕನಸಿನಲ್ಲಿ ಕಂಡು ಕವಿತೆ ಬರೆದನು. ಹೃದಯವನ್ನು ಕರಗಿಸುವ ಸ್ನೇಹವಿದು, ನಿಜ. ಆದರೆ ಸ್ವರವನ್ನರಿತವನಿಗೆ ಅಪಸ್ವರವೂ ಕೇಳಿಸುತ್ತದಷ್ಟೆ! ಕೇಳಿಸಿದಾಗ ಅವನೇನು ಮಾಡಬೇಕು?

ಶೂನ್ಯಸಂಪಾದನೆಯಲ್ಲಿ ಇದಕ್ಕೊಂದು ಪ್ರಸಂಗವಿದೆ. ಅಲ್ಲಮಪ್ರಭುಗಳು ಸಿದ್ಧರಾಮನೊಡನೆ ಕಲ್ಯಾಣಕ್ಕೆ ಬಂದು ಬಾಗಿಲಲ್ಲಿ ನಿಂತಾಗ ಬಸವಣ್ಣನವರು ಲಿಂಗಪೂಜೆಯಲ್ಲಿ ಮಗ್ನರು. ಹಡಪದ ಅಪ್ಪಣ್ಣನನ್ನು ಕಳುಹಿಸಿ ಕರೆಸಿದರೂ ಪ್ರಭುಗಳು ಒಳಗೆ ಕಾಲಿಡಲಿಲ್ಲ. ಬಾಗಿಲಲ್ಲಿ ಜಂಗಮವಿರಲು ಒಳಗಿನ ಪೂಜೆ ಯಾರಿಗೆಂದು ಚೆನ್ನಬಸವಣ್ಣನು ತಿಳಿಯಹೇಳಬೇಕಾಯಿತು. ಚೆನ್ನಬಸವಣ್ಣನು ಸೋದರಳಿಯ, ವಯಸ್ಸಿನಲ್ಲಿ ಕಿರಿಯ. ಬಸವಣ್ಣನವರಾದರೋ ಬಿಜ್ಜಳನ ಭಂಡಾರಿ. ಆದರೂ ಹೇಳುವವನ ನಾಲಗೆ ಹಿಂಜರಿಯಲಿಲ್ಲ, ಕೇಳಿದವರ ಮನಸ್ಸು ಮುನಿಯಲಿಲ್ಲ. ಎದ್ದು ಹೊರಗೆ ಬಂದರು.

ಗೃಹಸ್ಥರಾದ ನಮಗೆ ಇನ್ನೂ ಹತ್ತಿರವಾದ ನಿದರ್ಶನವು ಆಯ್ದಕ್ಕಿ ದಂಪತಿಗಳದು. ಸತಿಪತಿಗಳಲ್ಲಿ ಸಖ್ಯವನ್ನು ಕಾಣಬೇಕಾದರೆ ಅಲ್ಲಿ ಕಾಣಬೇಕು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದುತಂದನು. ದಾಸೋಹಕ್ಕೇ ತಂದದ್ದು, ಕದ್ದದ್ದೂ ಅಲ್ಲ. ಲಕ್ಕಮ್ಮನು ಅದನ್ನು ನೋಡಿ, ಇದು ನಮ್ಮ ಕಾಯಕಕ್ಕೆ ಸಲ್ಲದ ಆಸೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದಳು. ಮಾರಯ್ಯನು ಚೀಲವನ್ನು ಹೆಗಲಿಗೇರಿಸಿಕೊಂಡು ಬಂದ ದಾರಿಯಲ್ಲೇ ಹಿಂದಿರುಗಿದನು.