ಬಿರಿಯದ ತಟ್ಟೆ

ಶಾಲಾ ಪ್ರವಾಸವೆಂದರೆ ಮಕ್ಕಳಿಗೆ ಹಬ್ಬ, ನಮಗೆ ತಲೆ ಎಣಿಸುವ ಕೆಲಸ. ಬಸ್ಸು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ, ನಡುವೆ ಯಾರಾದರೂ ಕಡಲೆಕಾಯಿ ಕೊಳ್ಳಲು ಓಡಿದರೆ ಮತ್ತೊಮ್ಮೆ. ಕೆಲವು ವರ್ಷಗಳ ಹಿಂದೆ ಚಂದ್ರಂಪಳ್ಳಿ ಡ್ಯಾಮಿನ ಕಡೆಯ ನಮ್ಮ ಹಳ್ಳಿ ಶಾಲೆಯಿಂದ ಏಳನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೀಗೆಯೇ ಎಣಿಸುತ್ತ ಹೊರಟೆವು. ನಸುಕಿನಲ್ಲಿ ಬಿಟ್ಟ ಬಸ್ಸು ಕಲಬುರಗಿ, ಜೇವರ್ಗಿ, ಸಿಂದಗಿ ದಾಟಿ ವಿಜಯಪುರ ಮುಟ್ಟುವಾಗ ಬಿಸಿಲು ಏರಿತ್ತು. 2014ರಿಂದ ಆ ಊರಿಗೆ ವಿಜಯಪುರವೆಂಬ ಹೆಸರಾದರೂ ನಮ್ಮ ಕಡೆಯವರ ಬಾಯಲ್ಲಿ ಅದು ಇಂದಿಗೂ ಬಿಜಾಪುರವೇ.

ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಮಕ್ಕಳು ತಮ್ಮ ತಮ್ಮ ಹೆಸರನ್ನೇ ಕೂಗಿ ಕೂಗಿ ಗಂಟಲು ಹರಿದುಕೊಂಡರು. ಮಹಮ್ಮದ್ ಆದಿಲ್ ಶಾಹ 1627ರಿಂದ 1656ರವರೆಗೆ ಆಳಿದವನು, ಇದು ಅವನ ಗೋರಿ ಎಂದು ನಾನು ಹೇಳಿದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಕೆಳಗಿಳಿದ ಮೇಲೆ ಎದುರಿಗಿರುವ ನಗಾರಖಾನೆಗೆ ಹೋದೆವು. ಒಂದು ಕಾಲಕ್ಕೆ ನಗಾರಿ ಬಾರಿಸುತ್ತಿದ್ದ ಆ ಕಟ್ಟಡದಲ್ಲಿ ಈಗ ವಸ್ತುಸಂಗ್ರಹಾಲಯವಿದೆ. 1892ರಷ್ಟು ಹಿಂದೆಯೇ ಶುರುವಾದ ಸಂಗ್ರಹವದು. 1982ರಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಕೈಗೆ ಬಂತು. ಕನ್ನಡ, ಸಂಸ್ಕೃತ, ಅರಬಿ, ಫಾರಸಿ ಶಾಸನಗಳು, ಜಿನಬಿಂಬಗಳು, ಕತ್ತಿ ಗುರಾಣಿಗಳು, ರತ್ನಗಂಬಳಿಗಳು, ಬೀದರಿನ ಪಾತ್ರೆಗಳು. ಅವುಗಳ ಜೊತೆಗೆ ಗಾಜಿನ ಹಿಂದೆ, ದೂರದ ಚೀನಾದಿಂದ ಬಂದ ಪಿಂಗಾಣಿ.

ಮಕ್ಕಳು ಕತ್ತಿಗಳ ಮುಂದೆ ನಿಂತಷ್ಟು ಹೊತ್ತು ಪಿಂಗಾಣಿಯ ಮುಂದೆ ನಿಲ್ಲಲಿಲ್ಲ. ತಾಂಡಾದಿಂದ ಬರುವ ಒಬ್ಬ ಹುಡುಗಿ ಮಾತ್ರ ಗಾಜಿಗೆ ಮೂಗು ಹಚ್ಚಿ ನಿಂತಳು. ಬೇರೆ ಗುಂಪಿನೊಡನೆ ಬಂದಿದ್ದ ಹಿರಿಯರೊಬ್ಬರು ತಮ್ಮ ಮೊಮ್ಮಗನಿಗೆ ಹೇಳುತ್ತಿದ್ದರು, “ಇವು ರಾಜರ ತಾಟು. ಅನ್ನದಾಗ ವಿಷ ಹಾಕಿದ್ರ ತಟಕ್ಕನೆ ಬಿರೀತಿದ್ದವು.” ಹುಡುಗಿ ನನ್ನ ಕಡೆ ತಿರುಗಿ ಕೇಳಿದಳು, “ಟೀಚರ್, ರಾಜಾಗ ಅಡಿಗಿ ಮಾಡೋರ ಮ್ಯಾಲ ನಂಬಿಗಿ ಇರ್ಲಿಲ್ಲೇನ್ರಿ?”

ಈ ಕಥೆ ಹಳೆಯದು. ಹಸಿರು ಹೊಳಪಿನ ಒಂದು ಬಗೆಯ ಚೀನೀ ತಟ್ಟೆಗಳ ಬಗ್ಗೆ ಇದನ್ನು ಹೆಚ್ಚಾಗಿ ಹೇಳುತ್ತಾರೆ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಅಂಥ ತಟ್ಟೆಗಳನ್ನು ನಾನು ಹಿಂದೆ ನೋಡಿದ್ದೆ. ಆಗ್ರಾದ ತಾಜ್ ಮಹಲಿನ ಮ್ಯೂಸಿಯಮ್ಮಿನಲ್ಲೂ ಅವಿವೆ. ವಿಷ ತಾಗಿದರೆ ಬಣ್ಣ ಬದಲಿಸುತ್ತದೆ, ಇಲ್ಲವೆ ಬಿರಿಯುತ್ತದೆ ಎಂಬುದು ನಂಬಿಕೆ. ನಿಜವಾಗಿ ಹಾಗೇನೂ ಆಗುವುದಿಲ್ಲ. ಬಿಳಿ ಜೇಡಿಮಣ್ಣಿಗೆ ಒಂದು ಬಗೆಯ ಕಲ್ಲಿನ ಪುಡಿ ಬೆರೆಸಿ, ಸುಮಾರು 1300 ಡಿಗ್ರಿ ಕಾವಿನಲ್ಲಿ ಸುಟ್ಟಾಗ ಮಣ್ಣು ಮಣ್ಣಾಗಿ ಉಳಿಯದೆ ಗಾಜಿನಂತೆ ಬೆಸೆದುಕೊಳ್ಳುತ್ತದೆ. ಮೇಲಿನ ಹೊಳಪಂತೂ ಗಾಜೇ. ಅದು ಉಪ್ಪನ್ನು ಹೀರದು, ಹುಳಿಯನ್ನು ಹೀರದು, ವಿಷವನ್ನೂ ಹೀರದು. ಒಳಗೆ ಏನನ್ನೂ ಬಿಟ್ಟುಕೊಳ್ಳದ ಆ ಗುಣಕ್ಕಾಗಿಯೇ ಜಗತ್ತು ಅದನ್ನು ಬಯಸಿತು. ನೀಲಿ ಹೂವಿನ ಪಿಂಗಾಣಿಯ ಕಥೆ ಇನ್ನೂ ಸೊಗಸು. ಆ ನೀಲಿಗೆ ಬೇಕಾದ ಕೋಬಾಲ್ಟ್ ಪರ್ಷಿಯಾದಿಂದ ಚೀನಾಕ್ಕೆ ಹೋಗುತ್ತಿತ್ತು. ಜಿಂಗ್‌ಡೆಝೆನ್ ಊರಿನ ಕುಂಬಾರರ ಕೈಯಲ್ಲಿ ಹೂವಾಗಿ ಅರಳಿ ಮತ್ತೆ ಹಡಗು ಹತ್ತಿ ಪಶ್ಚಿಮಕ್ಕೆ ಬರುತ್ತಿತ್ತು. ಆದಿಲ್ ಶಾಹಿಗಳಿಗೆ ದಾಭೋಳದಂಥ ಬಂದರುಗಳಿದ್ದವು. 1510ರಲ್ಲಿ ಪೋರ್ಚುಗೀಸರು ಕಿತ್ತುಕೊಳ್ಳುವವರೆಗೆ ಗೋವೆಯೂ ಅವರದೇ. ಹಂಪಿಯ ಅಗೆತದಲ್ಲೂ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ರಣರಂಗದಲ್ಲಿ ಎದುರಾಳಿಗಳಾಗಿದ್ದವರು ಒಂದೇ ದೇಶದ ತಟ್ಟೆಗಳನ್ನು ತರಿಸಿಕೊಂಡಿದ್ದರು.

ಇದನ್ನೆಲ್ಲ ಹುಡುಗಿಗೆ ಹೇಳಲು ಅಲ್ಲಿ ಪುರುಸೊತ್ತಿರಲಿಲ್ಲ. “ತಾಟು ಬಿರಿಯೂದು ಖರೇ ಅಲ್ಲವ್ವಾ, ಅದು ಮಂದಿ ಮಾತು. ರಾಜರ ಮನ್ಯಾಗ ಮೊದಲು ಉಂಡು ನೋಡೋರು ಬ್ಯಾರೇನ ಇರ್ತಿದ್ರು” ಎಂದೆ.

“ನಮ್ ಸಾಲ್ಯಾಗ ನೀವು ನೋಡ್ತೀರಲ್ರಿ, ಹಂಗೇನ್ರಿ?”

“ಹೂಂ, ಹಂಗ.”

“ಆದ್ರ ನೀವು ನಮ್ ತಾಟಿನ್ಯಾಗ ಉಣ್ಣಂಗಿಲ್ಲಲ್ರಿ. ನಿಮ್ ಡಬ್ಬಿ ಮುಚ್ಚಳದಾಗ ಹಾಕ್ಕೋತೀರಿ.”

ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ. ಕಂಡದ್ದನ್ನು ಹೇಳಿದಳು, ಮುಂದಿನ ಗಾಜಿನ ಕಪಾಟಿಗೆ ಹೋದಳು. ನಾನು ಅಲ್ಲಿಯೇ ನಿಂತೆ. ಆ ಸಲ ತಲೆ ಎಣಿಸುವುದನ್ನು ನನ್ನ ಜೊತೆಯ ಮಾಸ್ತರರೇ ಮಾಡಬೇಕಾಯಿತು.

ತಿರುಗಿ ಬರುವಾಗ ಮಕ್ಕಳೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಒರಗಿ ನಿದ್ದೆ ಹೋಗಿದ್ದರು. ಕತ್ತಲೆಯಲ್ಲಿ ಓಡುವ ಬಸ್ಸಿನಲ್ಲಿ ಕೂತ ನನಗೆ ನನ್ನ ಅವ್ವನ ಮನೆಯ ಪಿಂಗಾಣಿ ನೆನಪಿಗೆ ಬಂತು.

ನಮ್ಮದು ಮಡಿ ಮೈಲಿಗೆಯ ಮನೆ. ಅಲ್ಲಿ ಪಿಂಗಾಣಿ ಎರಡೇ ಕಡೆ ಇತ್ತು. ಒಂದು, ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ. ಅದರ ಬಾಯಿಗೆ ಬಿಳಿ ಬಟ್ಟೆ ಕಟ್ಟಿರುತ್ತಿತ್ತು. ಸ್ನಾನ ಮಾಡಿದವರೇ ಇಳಿಸಬೇಕು, ಒಣಗಿದ ಕೈಯಲ್ಲೇ ಮುಟ್ಟಬೇಕು. ಇನ್ನೊಂದು, ದನದ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿದ್ದ ಕಿವಿ ಮುರಿದ ಕಪ್ಪು ಬಸಿ. ಅದು ಅಂಗಳ ಗುಡಿಸಲು, ಸಗಣಿ ಬಳಿಯಲು ಬರುತ್ತಿದ್ದ ಮುದುಕಿಯದು. ನಾವು ಮಕ್ಕಳೆಲ್ಲ ಆಕೆಯನ್ನು ಆಯಿ ಎಂದೇ ಕರೆಯುತ್ತಿದ್ದೆವು. ಆಕೆ ಕಪ್ಪನ್ನು ತಾನೇ ತೆಗೆದು ಕಟ್ಟೆಯ ಕೆಳಗೆ ಇಡಬೇಕು, ಅವ್ವ ಮೇಲಿನಿಂದ ಚಹಾ ಹೊಯ್ಯಬೇಕು. ಕುಡಿದ ಮೇಲೆ ಆಯಿಯೇ ತೊಳೆದು ಗೂಡಿನಲ್ಲಿ ಇಡಬೇಕು. ಒಂದು ಹನಿಯೂ ಚೆಲ್ಲದಂತೆ ಅಷ್ಟು ಎತ್ತರದಿಂದ ಚಹಾ ಹೊಯ್ಯುವ ಅವ್ವನ ಕೈಚಳಕ ನೋಡಿ ನನಗೆ ಹೆಮ್ಮೆಯೂ ಆಗುತ್ತಿತ್ತು.

ಒಂದು ದಿನ ಆಟದ ಭರದಲ್ಲಿ ಆ ಕಪ್ಪಿನಿಂದ ನೀರು ಕುಡಿದೆ. ಅವ್ವ ಕಪಾಳಕ್ಕೆ ಹೊಡೆದು, ಬಾವಿಯ ಹತ್ತಿರ ಎಳೆದೊಯ್ದು ತಲೆಯ ಮೇಲೆ ನೀರು ಸುರಿದಳು. ನಾನು ಅಳುತ್ತಲೇ ಕೇಳಿದೆ, “ಉಪ್ಪಿನಕಾಯಿ ಜಾಡಿನೂ ಅದರದ ಅಲ್ಲೇನವ್ವಾ?” ಅವ್ವ “ಅದು ಬ್ಯಾರೆ, ಇದು ಬ್ಯಾರೆ” ಎಂದಳು. ಹಿತ್ತಾಳೆಯ ಪಾತ್ರೆಯನ್ನು ಹುಣಸೆಹಣ್ಣು, ಬೂದಿ ಹಾಕಿ ಬೆಳಗಿದರೆ ಶುದ್ಧ. ಪಿಂಗಾಣಿ ಮಣ್ಣಿನದಾದ್ದರಿಂದ ಒಮ್ಮೆ ಮೈಲಿಗೆಯಾದರೆ ಮುಗಿಯಿತು ಎಂದು ಅಜ್ಜಿ ಬಿಡಿಸಿ ಹೇಳಿದಳು. ಏನನ್ನೂ ಹೀರದ ವಸ್ತು ಎಲ್ಲಕ್ಕಿಂತ ಹೆಚ್ಚು ಮೈಲಿಗೆಯನ್ನು ಹೀರುತ್ತದೆ ಎಂದು ನಾವು ನಂಬಿದ್ದೆವು. ಜಾಡಿಯ ಮಣ್ಣೂ ಅಂಥದೇ, ಕಪ್ಪಿನ ಮಣ್ಣೂ ಅಂಥದೇ. ಬೇರೆ ಇದ್ದದ್ದು ಮುಟ್ಟುವ ಕೈ.

ಹಾಗಾದರೆ ನನ್ನ ಅವ್ವ ಕೆಟ್ಟವಳೇ? ಈ ಪ್ರಶ್ನೆಯೇ ನನ್ನನ್ನು ಬಹಳ ವರ್ಷ ಕಾಡಿದೆ. ಆಯಿಗೆ ಜ್ವರ ಬಂದರೆ ಗಂಜಿ ಮಾಡಿ ಕಳಿಸುತ್ತಿದ್ದವಳು ಅವ್ವ. ಆಯಿಯ ಮೊಮ್ಮಗಳ ಮದುವೆಗೆ ಸೀರೆ ಕೊಟ್ಟವಳು ಅವ್ವ. ಆಯಿ ಸತ್ತ ದಿನ ಉಣ್ಣದೆ ಕೂತವಳೂ ಅವಳೇ. ಆದರೆ ಆ ಪ್ರೀತಿಯೂ ಮೇಲಿನಿಂದಲೇ ಹೊಯ್ದದ್ದು. ಕೆಟ್ಟವರು ಮಾಡುವ ಅನ್ಯಾಯವನ್ನು ಗುರುತಿಸುವುದು ಸುಲಭ. ಒಳ್ಳೆಯವರು, ನಮಗೆ ಅನ್ನವಿಟ್ಟವರು ಮಾಡಿದ್ದನ್ನು ಅನ್ಯಾಯವೆಂದು ಕರೆಯುವಾಗ ನಾಲಿಗೆ ತಡೆಯುತ್ತದೆ. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ ಹಿರಿಯರು. ಎಣಿಸದೇ ಇದ್ದರೆ ಮುರಿದ ಜಂತೆ ಕಾಣುವುದಾದರೂ ಹೇಗೆ?

ಅವ್ವನ ಮಾತು ಬಿಡಿ, ನನ್ನದನ್ನು ಹೇಳುತ್ತೇನೆ. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು 2001ರಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದು ನಮ್ಮ ಈಶಾನ್ಯ ಜಿಲ್ಲೆಗಳಲ್ಲಿ. ಆಗ ನಾನು ಬೇರೊಂದು ಊರಿನಲ್ಲಿದ್ದೆ. ಊಟ ಶುರುವಾದ ಕೆಲವೇ ದಿನಗಳಲ್ಲಿ ನಾಲ್ಕು ಜನ ಪಾಲಕರು ಬಂದು, ಕಂಡವರು ಉಂಡ ತಾಟಿನಲ್ಲಿ ನಮ್ಮ ಮಕ್ಕಳು ಉಣ್ಣಬೇಕೇ ಎಂದು ಜಗಳಕ್ಕೆ ನಿಂತರು. ಊಟ ನಿಲ್ಲಬಾರದು, ಊರಲ್ಲಿ ಗಲಾಟೆ ಆಗಬಾರದು. ನಾನೇ ಒಂದು ಉಪಾಯ ಹೇಳಿದೆ: ಪ್ರತಿ ಮಗುವೂ ಮನೆಯಿಂದಲೇ ತಟ್ಟೆ ತರಲಿ, ಸ್ವಚ್ಛತೆಗಾಗಿ ಎಂದು ಹೇಳೋಣ. ಎಲ್ಲರಿಗೂ ಒಪ್ಪಿಗೆಯಾಯಿತು. ಊಟ ನಿಲ್ಲಲಿಲ್ಲ. ಮೆಚ್ಚುಗೆಯ ಮಾತೂ ಬಂತು. ಮರುದಿನ ಹೆಸರು ಕೊರೆಸಿದ ಸ್ಟೀಲಿನ ತಟ್ಟೆಗಳು ಒಂದು ಸಾಲಿಗೆ, ನೆಗ್ಗಿದ ಜರ್ಮನ್ ತಟ್ಟೆಗಳು ಇನ್ನೊಂದು ಸಾಲಿಗೆ ತಾವಾಗಿಯೇ ಹೋಗಿ ಕೂತವು. ಸ್ವಚ್ಛತೆಯ ಪಾಠವೆಂದು ನಾನು ಹೇಳಿದ ಸುಳ್ಳನ್ನು ನಂಬಿದ ಮಗು ಒಂದೂ ಇರಲಿಲ್ಲ ಎಂದು ಈಗ ಅನಿಸುತ್ತದೆ. ಶರಣರು ಹೇಳಿದ ದಾಸೋಹದ ಹೆಸರಿನ ಊಟ. ನಾನು ಅದರ ನಡುವೆ ಕೊಟ್ಟಿಗೆಯ ಗೂಡನ್ನು ಕಟ್ಟಿದ್ದೆ.

ಮಕ್ಕಳ ಹೊಟ್ಟೆ ತುಂಬಿತಲ್ಲ, ಅದು ದೊಡ್ಡದಲ್ಲವೇ ಎಂದು ನೀವು ಕೇಳಬಹುದು. ದೊಡ್ಡದೇ. ಹಸಿದ ಮಗುವಿನ ಮುಂದೆ ತತ್ವ ಹಿಡಿದು ಕೂತವಳು ಟೀಚರಾಗಲು ತಕ್ಕವಳಲ್ಲ. ಆದರೆ ಆ ಉಪಾಯ ಒಂದು ವಾರಕ್ಕೆಂದು ಮಾಡಿದ್ದು ವರ್ಷಗಟ್ಟಲೆ ನಡೆಯಿತು. ಶಾಂತಿಗಾಗಿ ಹೇಳಿದ ಸುಳ್ಳನ್ನು ಶಾಂತಿ ಬಂದ ಮೇಲಾದರೂ ಹಿಂದಕ್ಕೆ ತೆಗೆದುಕೊಳ್ಳಬೇಕು. ನಾನು ತೆಗೆದುಕೊಳ್ಳಲಿಲ್ಲ, ವರ್ಗವಾಗಿ ಬಂದುಬಿಟ್ಟೆ.

2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯಲ್ಲಿ ಕೀಟನಾಶಕ ಬೆರೆತ ಊಟ ಉಂಡು 23 ಮಕ್ಕಳು ಸತ್ತರು. ಅಂದಿನಿಂದ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಿ ವಹಿಯಲ್ಲಿ ಸಹಿ ಹಾಕುವುದು ಬಿಗಿಯಾಯಿತು. ಇಷ್ಟು ವರ್ಷ ನಾನು ತಪ್ಪದೆ ರುಚಿ ನೋಡಿದ್ದೇನೆ. ಆದರೆ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು, ನನ್ನ ಡಬ್ಬಿಯ ಮುಚ್ಚಳದಲ್ಲಿ. ಏಕೆಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ರಾಜನಿಗೆ ಅನ್ನದಲ್ಲಿ ವಿಷವಿದ್ದೀತೆಂಬ ಅಂಜಿಕೆ. ಅವನ ಅಂಜಿಕೆಗೆ ಕಾರಣವಾದರೂ ಇತ್ತು. ಅರಮನೆಗಳಲ್ಲಿ ವಿಷ ಇಕ್ಕಿದವರುಂಟು. ನಮ್ಮ ಮನೆಯ ಕಪ್ಪಿಗೆ, ನನ್ನ ಮುಚ್ಚಳಕ್ಕೆ ಯಾವ ಕಾರಣವಿತ್ತು? ಮನುಷ್ಯರನ್ನೇ ವಿಷವೆಂದು ತಿಳಿದಿದ್ದೆವು. ಅದಕ್ಕೆ ಬಿರಿಯುವ ತಟ್ಟೆಯನ್ನು ಯಾವ ದೇಶದ ಕುಂಬಾರನೂ ಮಾಡಲಿಲ್ಲ. ಮಾಡಿದ್ದರೆ ನಮ್ಮ ಕಡೆ ಎಷ್ಟು ಮನೆಗಳಲ್ಲಿ ತಟ್ಟೆ ಉಳಿಯುತ್ತಿದ್ದವೋ.

ಪ್ರವಾಸದಿಂದ ಬಂದ ಸೋಮವಾರ ನಾನು ಮುಚ್ಚಳ ತೆಗೆಯಲಿಲ್ಲ. ಶಾಲೆಯ ತಟ್ಟೆಗಳ ರಾಶಿಯಿಂದ ಒಂದನ್ನು ಎತ್ತಿಕೊಂಡೆ. ನಿಜ ಹೇಳಬೇಕೆಂದರೆ ಕೈ ಒಂದು ಕ್ಷಣ ಹಿಂಜರಿಯಿತು. ಎಂದೋ ಬಿದ್ದ ಅವ್ವನ ಏಟು ಇನ್ನೂ ಕಪಾಳದ ಮೇಲಿತ್ತು. ಬಿಎ, ಬಿಎಡ್ ಓದಿ, ಸಮಾನತೆಯ ಪಾಠವನ್ನು ವರ್ಷ ವರ್ಷ ಕಪ್ಪು ಹಲಗೆಯ ಮೇಲೆ ಬರೆದ ಕೈ ಅದು. ಅಡುಗೆಯಾಕೆ ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ, ಅನ್ನದ ಮೇಲೆ ಒಂದು ಸೌಟು ಸಾರು ಹೆಚ್ಚಿಗೆ ಹಾಕಿದಳು. ಮಕ್ಕಳ ಸಾಲಿನ ಕೊನೆಗೆ ಹೋಗಿ ಕೂತೆ. ಮೊದಲ ತುತ್ತು ಗಂಟಲಲ್ಲಿ ನಿಂತು ಇಳಿಯಿತು. ಎರಡನೆಯದು ಸುಮ್ಮನೆ ಇಳಿಯಿತು.

ಆ ಹುಡುಗಿ ಎದುರು ಸಾಲಿನಲ್ಲಿದ್ದಳು. ನಾನು ತನ್ನ ಮಾತಿಗೆ ಹೀಗೆ ಮಾಡಿದೆನೆಂದು ಅವಳಿಗೆ ಅನಿಸಿತೋ ಇಲ್ಲವೋ. ಅವಳ ಲಕ್ಷ್ಯವೆಲ್ಲ ತಟ್ಟೆಯ ಮೇಲಿತ್ತು, ಹಸಿದಿದ್ದಳು.