ಗುರುವೇ ಶಿಷ್ಯನಾದ ದಿನ

ಲಾಂಛನ ಧರಿಸಿದ ಮಾತ್ರಕ್ಕೆ ಭಕ್ತಿ ಹುಟ್ಟದೆಂಬುದು ನಿಜವೇ. ಆದರೆ ಸಿಖ್ಖರ ಲಾಂಛನಗಳ ಹಿಂದೆ ಬಲಿದಾನದ ಕಥೆಯಿದೆ. ಗುರು ತೇಗ್ ಬಹಾದೂರರು 1675ರಲ್ಲಿ ದೆಹಲಿಯಲ್ಲಿ ಶಿರವನ್ನೊಪ್ಪಿಸಿದಾಗ ಅನುಯಾಯಿಗಳನೇಕರು ಭಯದಿಂದ ತಮ್ಮ ಗುರುತನ್ನು ಮರೆಸಿಕೊಂಡರೆಂದು ಪರಂಪರೆ ನುಡಿಯುತ್ತದೆ. ಕೇಶ, ಬಾಚಣಿಗೆ, ಉಕ್ಕಿನ ಕಡಗ, ಚಲ್ಲಣ, ಕೃಪಾಣಗಳನ್ನು ಧರಿಸಿದವನಿಗಾದರೋ ಅಡಗುವ ಮಾರ್ಗವೇ ಇಲ್ಲ!

1699ರ ವೈಶಾಖಿಯಂದು ಆನಂದಪುರದಲ್ಲಿ ಅವರ ಪುತ್ರರಾದ ಗುರು ಗೋವಿಂದರು ಖಡ್ಗವನ್ನು ಹಿರಿದು ಶಿರವನ್ನು ಬೇಡಿದರು. ಒಬ್ಬೊಬ್ಬರಾಗಿ ಎದ್ದವರು ಐವರು. ಅವರಲ್ಲೊಬ್ಬರು ಕನ್ನಡ ನೆಲವಾದ ಬೀದರಿನ ಕ್ಷೌರಿಕ ಸಾಹಿಬಚಂದರು. ಕಬ್ಬಿಣದ ಪಾತ್ರೆಯ ನೀರಿಗೆ ಬತ್ತಾಸು ಬೆರೆಸಿ, ಪವಿತ್ರ ವಾಣಿಗಳನ್ನು ಪಠಿಸುತ್ತ ಇಬ್ಬಾಯಿ ಖಡ್ಗದಿಂದ ಕದಡಿದ ಅಮೃತವನ್ನು ಐವರೂ ಒಂದೇ ಪಾತ್ರೆಯಿಂದ ಕುಡಿದರು. ಕುಲಭೇದವು ಅಲ್ಲಿಗೆ ಮುಗಿಯಿತು. ಕ್ಷೌರವೃತ್ತಿಯಲ್ಲಿ ಹುಟ್ಟಿದವರೇ ಕೇಶಕ್ಕೆ ಕತ್ತರಿ ತಾಗಿಸದ ವ್ರತವನ್ನು ತೊಟ್ಟು ಸಾಹಿಬಸಿಂಹರಾದರು.

ಅನಂತರ ನಡೆದುದು ಇನ್ನೂ ಸೋಜಿಗ. ಗುರುಗಳು ಆ ಐವರ ಮುಂದೆ ಕೈಜೋಡಿಸಿ ನಿಂತು, ತಮಗೂ ದೀಕ್ಷೆಯನ್ನು ಅನುಗ್ರಹಿಸಬೇಕೆಂದು ಬೇಡಿದರು. ಗುರುವಿಗೆ ಶಿಷ್ಯರಿಂದ ದೀಕ್ಷೆ! ಗೋವಿಂದರಾಯರು ಗೋವಿಂದಸಿಂಹರಾದುದು ಅಂದೇ. ಇಂದಿಗೂ ಅಮೃತವನ್ನು ನೀಡುವವರು ಐವರು ದೀಕ್ಷಿತರೇ ಹೊರತು ಪುರೋಹಿತನಲ್ಲ.

ಸಾಹಿಬಸಿಂಹರು ಮುಂದೆ ಚಮಕೌರಿನ ಕದನದಲ್ಲಿ ಗುರುಗಳ ಪಕ್ಷದಲ್ಲಿ ಕಾದಾಡಿ ಮಡಿದರು.