ಹೊದಿಕೆಯ ದಾಸೋಹ



ದಾಸೋಹವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಪಂಕ್ತಿ, ಪ್ರಸಾದ, ಹಂಡೆಗಳಲ್ಲಿ ಬೇಯುತ್ತಿರುವ ಅನ್ನ. ಹಸಿವು ಸಕಲ ಜೀವಿಗಳಿಗೂ ಸಮಾನವಾದುದರಿಂದ ಅದನ್ನು ತಣಿಸುವುದೇ ಮೊದಲಿನ ಕರ್ತವ್ಯವೆಂದು ನಮ್ಮ ಹಿರಿಯರು ತಿಳಿದರು. ಆದರೆ ದೇಹವನ್ನು ಕಾಡುವ ಬಾಧೆ ಹಸಿವೊಂದೇ ಅಲ್ಲವಷ್ಟೆ. ಮಾರ್ಗಶಿರ, ಪುಷ್ಯ ಮಾಸಗಳ ರಾತ್ರಿಯಲ್ಲಿ ಹೊಟ್ಟೆ ತುಂಬ ಉಂಡವನೂ ಹೊದಿಕೆಯಿಲ್ಲದಿದ್ದರೆ ಕಣ್ಣು ಮುಚ್ಚಲಾರನು. ಅನ್ನದ ದಾಸೋಹಕ್ಕಿರುವಂತೆ ಹೊದಿಕೆಯ ದಾಸೋಹಕ್ಕೂ ಶರಣರಲ್ಲಿ ಪರಂಪರೆಯುಂಟು. ಅದನ್ನು ನೆನೆಯುವ ಕಾಲ ಈಗ ಬಂದಿದೆ.

ಚಳಿಯೆಂದರೆ ಹಿಮಾಲಯದ ಮಾತೆಂದು ತಿಳಿಯಬೇಕಾಗಿಲ್ಲ. ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ರಾಜಾನುಕುಂಟೆಯನ್ನೇ ತೆಗೆದುಕೊಳ್ಳಿರಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬಯಲುಸೀಮೆ. ಸಂಜೆಯಾಯಿತೆಂದರೆ ಗಾಳಿಗೆ ತಡೆಯಿಲ್ಲ. ಬೆಂಗಳೂರಿನಲ್ಲಿ 1884ರ ಜನವರಿ 13ರಂದು ಉಷ್ಣತೆ 7.8 ಡಿಗ್ರಿಗೆ ಇಳಿದುದು ದಾಖಲೆಯಲ್ಲಿದೆ. ಅಷ್ಟು ಕಠಿಣವಾದ ರಾತ್ರಿ ಈಗ ಇಲ್ಲವೆಂಬುದು ನಿಜ. ಆದರೆ ಚಳಿಯನ್ನು ಅಳೆಯುವುದು ಉಷ್ಣಮಾಪಕವೊಂದೇ ಅಲ್ಲ; ಮನೆಯ ಗೋಡೆ, ಮೈಯ ಬಟ್ಟೆ, ಹುಟ್ಟಿದೂರಿನ ಹವೆ, ಇವೂ ಅಳೆಯುತ್ತವೆ. ಈ ಭಾಗದಲ್ಲಿ ಹೊಲಗಳು ಬಡಾವಣೆಗಳಾಗಿ, ಬಡಾವಣೆಗಳ ನಡುವೆ ಹಲವು ಅಂತಸ್ತಿನ ಕಟ್ಟಡಗಳು ಏಳುತ್ತಿವೆ. ಅವುಗಳನ್ನು ಕಟ್ಟುವವರು ಮಲಗುವುದು ತಗಡಿನ ಶೆಡ್ಡುಗಳಲ್ಲಿ. ತಗಡು ಹಗಲು ಕಾದ ಹಂಚಿನಂತೆ ಸುಡುತ್ತದೆ, ರಾತ್ರಿ ಒಳಗಿನ ಬಿಸುಪನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ.

ಬೆಂಗಳೂರಿನ ಸುತ್ತ ಹೀಗೆ ದುಡಿಯಲು ಬಂದವರಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಜಿಲ್ಲೆಗಳವರು ಅನೇಕರು. ಅದು ಬಿಸಿಲಿನ ನಾಡು. ಅಲ್ಲಿಯ ಬಡವರ ಮನೆಯಲ್ಲಿ ಕೌದಿ ಇರಬಹುದು. ಉಣ್ಣೆಯ ಅಂಗಿ ಇರುವುದು ಅಪೂರ್ವ. ಬರುವಾಗ ಗಂಟಿನಲ್ಲಿ ಕಟ್ಟಿಕೊಂಡು ಬರುವುದು ಪಾತ್ರೆ, ಹಿಟ್ಟು, ಎರಡು ಜೊತೆ ಬಟ್ಟೆ. ಈ ಹೆಸರುಗಳನ್ನು ಕೇಳಿದಾಗ ಶರಣರ ಚರಿತ್ರೆಯನ್ನು ಬಲ್ಲವರಿಗೆ ಬೇರೊಂದು ನೆನಪೂ ಬರಬೇಕು. ನೇಯ್ಗೆಯ ಕಾಯಕದ ಜೇಡರ ದಾಸಿಮಯ್ಯನ ಊರಾದ ಮುದನೂರು ಇರುವುದು ಇದೇ ಯಾದಗಿರಿ ಜಿಲ್ಲೆಯಲ್ಲಿ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಅಮರೇಶ್ವರವು ರಾಯಚೂರು ಜಿಲ್ಲೆಯಲ್ಲಿ. ನಮಗೆ ಹೊದಿಕೆಯ ಧರ್ಮವನ್ನು ಕಲಿಸಿದವನ ನೆಲದ ಮಕ್ಕಳೇ ಇಂದು ನಮ್ಮ ಮನೆಗಳ ಗೋಡೆ ಕಟ್ಟುತ್ತ ಹೊದಿಕೆಯಿಲ್ಲದೆ ಮುದುಡಿ ಮಲಗುವರೆಂದರೆ, ಅದು ನಮ್ಮ ಮನೆಬಾಗಿಲಿಗೆ ಬಂದು ನಿಂತ ಪ್ರಶ್ನೆಯಲ್ಲದೆ ಮತ್ತೇನು?

ದಾಸಿಮಯ್ಯನ ಕಥೆಯನ್ನು ಹೇಳುವ ಬಗೆಗಳು ಹಲವು, ಸಾರ ಇಷ್ಟು. ಆತನು ಬಹುಶ್ರಮದಿಂದ ಒಂದು ಉತ್ತಮ ವಸ್ತ್ರವನ್ನು ನೇಯ್ದು ಮಾರಲು ಒಯ್ದನು. ಮಾರಾಟವಾಗದೆ ಹಿಂದಿರುಗುತ್ತಿದ್ದಾಗ ದಾರಿಯಲ್ಲಿ ಮುದಿ ಜಂಗಮನೊಬ್ಬನು ಚಳಿಗೆ ನಡುಗುತ್ತ ಅದನ್ನು ಬೇಡಿದನು. ದಾಸಿಮಯ್ಯನು ಕೊಟ್ಟುಬಿಟ್ಟನು. ಆ ಜಂಗಮನು ಮಾಡಿದ್ದೇನು? ಕಣ್ಣೆದುರಿಗೇ ವಸ್ತ್ರವನ್ನು ಹರಿದು ಚೂರುಚೂರು ಮಾಡಿದನು. ನೇಯ್ದವನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಬಂದವನು ಶಿವನೇ ಆಗಿದ್ದನು, ಮೆಚ್ಚಿ ತವನಿಧಿಯನ್ನು ಕೊಟ್ಟನು ಎಂದು ಪುರಾಣವು ಮುಗಿಯುತ್ತದೆ.

ಹೇಳುವವರು ಸಾಮಾನ್ಯವಾಗಿ ತವನಿಧಿಯ ಮೇಲೆ ಒತ್ತು ಕೊಡುತ್ತಾರೆ. ನನಗಾದರೋ ಹರಿದ ಬಟ್ಟೆಯೇ ಕಥೆಯ ಹೃದಯವೆಂದು ತೋರುತ್ತದೆ. ಕೊಡುವುದು ಅಷ್ಟೇನೂ ಕಷ್ಟವಲ್ಲ. ಕೊಟ್ಟ ಮೇಲೆ ಅದರ ಮೇಲಿನ ಒಡೆತನವನ್ನು ಬಿಡುವುದು ಕಷ್ಟ. ನಾವು ಹೆಣೆದು ಕೊಟ್ಟ ಸ್ವೆಟರನ್ನು ಕೂಲಿಯವಳು ಮಗುವಿಗೆ ತೊಡಿಸದೆ ಮಡಿಸಿ ತಲೆದಿಂಬು ಮಾಡಿಕೊಂಡಾಳು. ಊರಿಗೆ ಹೋಗುವಾಗ ಅತ್ತೆಗೆಂದು ಒಯ್ದಾಳು. ಕಷ್ಟ ಬಂದರೆ ಮಾರಿಕೊಂಡಾಳು. ‘ಇವರಿಗೆ ಕೊಟ್ಟರೆ ಬೆಲೆಯೇ ತಿಳಿಯದು’ ಎಂಬ ಮಾತು ಆಗ ನಮ್ಮ ನಾಲಗೆಯ ತುದಿಗೆ ಬಂದರೆ ನಾವು ಮಾಡಿದ್ದು ದಾನ; ಬರದಿದ್ದರೆ ದಾಸೋಹ. ದಾನಿಗೆ ತಾನು ಮೇಲೆಂಬ ಎಣಿಕೆ ಉಂಟು. ದಾಸನಾದವನಿಗೆ ಲೆಕ್ಕ ಕೇಳುವ ಅಧಿಕಾರವೆಲ್ಲಿಯದು?

ಇಲ್ಲಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ನಮ್ಮ ನಾಡಿನಲ್ಲಿ ಶಾಲು ಹೊದಿಸುವ ಸಂಪ್ರದಾಯ ಬಲವಾಗಿದೆ. ಸಭೆಯೊಂದು ನಡೆದರೆ ವೇದಿಕೆಯ ಮೇಲೆ ಹತ್ತು ಜನರಿಗೆ ಹತ್ತು ಶಾಲು. ಹೊದಿಸಿಕೊಂಡವರು ಇಳಿಯುವ ಮೊದಲೇ ಅದನ್ನು ಮಡಿಸಿ ಪಕ್ಕಕ್ಕಿಡುತ್ತಾರೆ, ಏಕೆಂದರೆ ಅವರಿಗೆ ಚಳಿಯಿಲ್ಲ. ಅದೇ ಸಭಾಮಂಟಪದ ಹಿಂದೆ ರಾತ್ರಿಯೆಲ್ಲ ಕಾವಲಿರುವವನ ಹೆಗಲ ಮೇಲೆ ಒಂದು ಟವೆಲು. ಮಠಗಳೂ ಇದಕ್ಕೆ ಹೊರತಲ್ಲ. ಪೆಟ್ಟಿಗೆಗಳಲ್ಲಿ ನುಸಿಗುಳಿಗೆಯ ವಾಸನೆಯೊಡನೆ ಮಲಗಿರುವ ಶಾಲುಗಳು ಚಳಿಗಾಲದ ಮೊದಲ ವಾರದಲ್ಲಿಯೇ ಹೊರಗೆ ಬರುವುದು ಮೇಲು.

ಆದರೆ ಇದ್ದುದನ್ನು ಕೊಡುವುದಕ್ಕಿಂತ ಕೈಯಾರೆ ಮಾಡಿ ಕೊಡುವುದು ಇನ್ನೂ ಒಂದು ಹೆಜ್ಜೆ ಮುಂದಿನದು. ಅದರಲ್ಲಿ ಕಾಯಕವೂ ದಾಸೋಹವೂ ಒಂದಾಗುತ್ತವೆ. ನೂಲುವುದನ್ನೇ ಕಾಯಕವಾಗಿಸಿಕೊಂಡ ಕದಿರ ರೆಮ್ಮವ್ವೆಯು ತಾನು ತಿರುಗಿಸುವ ರಾಟೆಯ ಅಂಗಾಂಗಗಳಲ್ಲಿ ತ್ರಿಮೂರ್ತಿಗಳನ್ನು ಕಂಡಳು. ನಮ್ಮ ತಾಯಂದಿರ ಕೈಯಲ್ಲಿರುವ ಎರಡು ಹೆಣಿಗೆಕಡ್ಡಿಗಳು ರಾಟೆಗಿಂತ ಕೀಳೇನಲ್ಲ. ಒಂದೇ ಎಳೆ, ಗಂಟಿಲ್ಲದೆ, ಕುಣಿಕೆಯೊಳಗೆ ಕುಣಿಕೆಯಾಗಿ ಬೆಳೆಯುತ್ತದೆ. ಒಂದು ಕುಣಿಕೆ ಜಾರಿದರೆ ಸಾಲೆಲ್ಲ ಬಿಚ್ಚುತ್ತದೆಯಾದ್ದರಿಂದ ಮನಸ್ಸು ಅತ್ತಿತ್ತ ಹೋಗುವಂತಿಲ್ಲ. 1962ರ ಚೀಣಾ ಯುದ್ಧದ ಸಮಯದಲ್ಲಿ ದೇಶದ ಊರೂರುಗಳಲ್ಲಿ ಹೆಣ್ಣುಮಕ್ಕಳು ಗಡಿಯ ಯೋಧರಿಗೆಂದು ಸ್ವೆಟರು, ಕಾಲುಚೀಲಗಳನ್ನು ಹೆಣೆದು ಕಳುಹಿದರು. ತೊಡುವವನ ಮುಖವನ್ನು ಅವರು ಕಂಡವರಲ್ಲ.

ಏನನ್ನು ಹೆಣೆಯಬೇಕು? ದೊಡ್ಡವರ ಸ್ವೆಟರಿಗೆ ಅರ್ಧ ಕಿಲೋವಿನಷ್ಟು ನೂಲು ಬೇಕು, ವಾರಗಟ್ಟಲೆ ಕೆಲಸ. ಮಗುವಿನ ಟೋಪಿಗೆ ಸುಮಾರು 50 ಗ್ರಾಂ ಸಾಕು. ಕೈ ಪಳಗಿದವರಿಗೆ ಒಂದೆರಡು ಸಂಜೆಯ ಮಾತು. ಅಲ್ಲದೆ ಹಸುಗೂಸಿನ ದೇಹಕ್ಕೆ ಹೋಲಿಸಿದರೆ ತಲೆ ದೊಡ್ಡದು. ಬಿಸುಪು ಅಲ್ಲಿಂದ ಬೇಗ ಸೋರಿಹೋಗುತ್ತದೆ. ನಮ್ಮ ಅಜ್ಜಿಯರು ಕುಲಾವಿ, ಕುಂಚಿಗೆಗಳಿಲ್ಲದೆ ಕೂಸನ್ನು ಹೊರಗೆ ತರುತ್ತಿರಲಿಲ್ಲವೆಂಬುದು ಬರಿಯ ಅಲಂಕಾರಕ್ಕಲ್ಲ. ತೂಕ ಕಡಿಮೆಯಾಗಿ ಹುಟ್ಟಿದ ಶಿಶುವನ್ನು ತಾಯಿಯ ಎದೆಯ ಚರ್ಮಕ್ಕೆ ಒತ್ತಿ ಕಟ್ಟಿ ಕಾಪಾಡುವ ‘ಕಾಂಗರೂ ತಾಯಿ ಆರೈಕೆ’ ಎಂಬ ಕ್ರಮ 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಆರಂಭವಾಗಿ ಇಂದು ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿಯೂ ಬಳಕೆಯಲ್ಲಿದೆ. ಅದರಲ್ಲಿ ಕೂಸಿನ ಮೈಮೇಲೆ ಇರುವುದು ಲಂಗೋಟಿ, ಕಾಲುಚೀಲ, ಟೋಪಿ ಇಷ್ಟೇ. ಅಂಥ ಟೋಪಿಯನ್ನು ಮೆತ್ತನೆಯ ನೂಲಿನಿಂದ, ಗುಂಡಿ, ಲಾಡಿ, ಮಣಿಗಳಿಲ್ಲದೆ ಹೆಣೆಯಬೇಕು. ಲಾಡಿಯು ಕುತ್ತಿಗೆಗೆ ಸುತ್ತಿಕೊಂಡೀತು, ಮಣಿ ಬಾಯಿಗೆ ಹೋದೀತು. ತಿಂಗಳು ತುಂಬಿ ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರು. ಬೇಗ ಹುಟ್ಟಿದವಕ್ಕೆ ಇನ್ನೂ ಚಿಕ್ಕದು.

ನೂಲಿನ ವಿಷಯದಲ್ಲಿಯೂ ವಿವೇಕ ಬೇಕು. ಅಂಗಡಿಯಲ್ಲಿ ‘ಉಣ್ಣೆ’ ಎಂದು ಮಾರುವುದರಲ್ಲಿ ಬಹುಪಾಲು ಅಕ್ರಿಲಿಕ್. ಅದು ಅಗ್ಗ, ಒಗೆಯಲು ಸುಲಭ. ಆದರೆ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಶೆಡ್ಡಿನ ಮುಂದೆ ಮೂರು ಕಲ್ಲಿಟ್ಟು ಒಲೆ ಹೊತ್ತಿಸುವವರಿಗೆ ಹೆಣೆಯುವಾಗ ಇದು ನೆನಪಿರಲಿ. ಕುರಿಯ ಉಣ್ಣೆಯು ಸುಲಭವಾಗಿ ಹೊತ್ತಿಕೊಳ್ಳದು, ತುಸು ನೆನೆದರೂ ಬೆಚ್ಚಗಿರುತ್ತದೆ.

ಹೆಣೆಯಲು ಬಾರದವರು ಕಂಬಳಿಯನ್ನು ಕೊಂಡು ಕೊಡಬಹುದು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕಡೆ ಕುರಿಯ ಉಣ್ಣೆಯನ್ನು ಕೈಯಲ್ಲಿ ನೂತು, ಹಾಸಿಗೆ ಹುಣಸೆಬೀಜದ ಸರಿ ಬಳಿದು, ಕುಣಿಮಗ್ಗದಲ್ಲಿ ನೇಯುವವರು ಇನ್ನೂ ಇದ್ದಾರೆ. ದಖನಿ ಕುರಿಯ ಒರಟು ಉಣ್ಣೆಗೆ ಬೇಡಿಕೆ ಕುಸಿದು, ಕತ್ತರಿಸಿದ ಉಣ್ಣೆಯನ್ನು ಕುರಿಗಾಹಿಗಳು ಎಸೆಯುವ ಸ್ಥಿತಿ ಬಂದಿದೆ. ಅವರಿಂದ ಕೊಂಡರೆ ನೇಯುವವನಿಗೂ ಹೊದೆಯುವವನಿಗೂ ಒಂದೇ ಹಣದಲ್ಲಿ ಸೇವೆ ಸಂದಂತೆ. ಕಂಬಳಿ ಚುಚ್ಚುತ್ತದೆ, ಎಳೆಗೂಸಿಗೆ ಸಲ್ಲದು. ಕಾವಲುಗಾರನಿಗೆ, ಸಂತೆಗೆ ನಸುಕಿನಲ್ಲಿ ಸೊಪ್ಪು ತರುವವನಿಗೆ ಅದಕ್ಕಿಂತ ಉತ್ತಮವಾದುದಿಲ್ಲ.

ಕೊನೆಗೆ ಲಕ್ಕಮ್ಮನ ಮಾತು. ಗಂಡನು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ಅದನ್ನು ಮನೆಯೊಳಗೆ ಸೇರಿಸದೆ, ಮರಳಿ ಸುರಿದು ಬರುವಂತೆ ಹೇಳಿದಳು. ಕೊಡುವ ಕೆಲಸದಲ್ಲಿಯೂ ಅತಿಯಾಸೆ ಹೊಕ್ಕೀತೆಂಬುದನ್ನು ಆಕೆ ಬಲ್ಲವಳಾಗಿದ್ದಳು. ಒಂದೇ ಶೆಡ್ಡಿಗೆ ಮೂರು ಸಂಘಗಳವರು ಹೋಗಿ ಕಂಬಳಿ ಹಂಚಿ ಛಾಯಾಚಿತ್ರ ತೆಗೆಸಿಕೊಂಡು ಬಂದಾಗ, ಪಕ್ಕದ ಇಟ್ಟಿಗೆಗೂಡಿನವರು ನೋಡುತ್ತ ನಿಂತಿರುತ್ತಾರೆ. ಆದುದರಿಂದ ಮೊದಲು ಹೋಗಿ ನೋಡಿ ಬರಬೇಕು: ಎಷ್ಟು ಜನ, ಎಷ್ಟು ಮಕ್ಕಳು, ಯಾರ ವಯಸ್ಸೆಷ್ಟು, ಯಾರಿಗೆ ಈಗಾಗಲೇ ಇದೆ. ಕೇಳುವಾಗ ‘ಅಕ್ಕ, ಮಗುವಿಗೆ ಯಾವ ಬಣ್ಣ ಬೇಕವ್ವ?’ ಎಂದು ಕೇಳಿರಿ. ಬಡವರ ಮಕ್ಕಳಿಗೂ ಬಣ್ಣದ ಆಸೆ ಇರುತ್ತದೆ. ಭಾದ್ರಪದದಲ್ಲಿ ನೂಲು ಕೈಗೆತ್ತಿಕೊಂಡರೆ ಕಾರ್ತಿಕ ಮುಗಿಯುವುದರೊಳಗೆ ಒಬ್ಬ ತಾಯಿ ಐದಾರು ಟೋಪಿಗಳನ್ನು ಯಾವ ಅವಸರವೂ ಇಲ್ಲದೆ ಮುಗಿಸಬಲ್ಲಳು. ಒಮ್ಮೆ ಒಗೆದು ಬಿಸಿಲಿಗೆ ಒಣಗಿಸಿ, ಹೆಸರಿನ ಚೀಟಿ ಅಂಟಿಸದೆ ಕೊಟ್ಟುಬರಲಿ.